ಲಸಿಕೆಯ ರಕ್ಷಣೆ ಎಷ್ಟು ವರ್ಷ? ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳ ಮನೆಯವರಿಗೆ ಒಂದು ವಿವರಣೆ



ನಮ್ಮ ಟ್ರಸ್ಟಿನ ನೆರವಿನಿಂದ ಓದುತ್ತಿರುವವರಲ್ಲಿ ಜಿಎನ್‌ಎಂ, ಬಿಎಸ್‌ಸಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್ ಮುಂತಾದ ಕೋರ್ಸುಗಳ ಮಕ್ಕಳೂ ಇದ್ದಾರೆ. ಅರ್ಜಿ ಪರಿಶೀಲನೆಗೆ ಕುಳಿತಾಗ ಈ ಮಕ್ಕಳ ಮನೆಯವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಹೆಪಟೈಟಿಸ್ ಬಿ ಸೂಜಿಯನ್ನು ಚಿಕ್ಕಂದಿನಲ್ಲೇ ಹಾಕಿಸಿದ್ದೆವು. ಈಗ ಕಾಲೇಜಿನವರು ಮತ್ತೆ ಕೇಳುತ್ತಿದ್ದಾರೆ. ಆ ಸೂಜಿಯ ಶಕ್ತಿ ಮುಗಿದುಹೋಯಿತೇ? ಇನ್ನು ಪ್ರತಿ ಐದು ವರ್ಷಕ್ಕೊಮ್ಮೆ ಹಾಕಿಸುತ್ತಲೇ ಇರಬೇಕೇ?"

ಪ್ರಶ್ನೆ ಸರಿಯಾದದ್ದೇ. ಮೂರು ಡೋಸ್ ಪೂರ್ತಿಯಾಗಿ ಹಾಕಿಸಿಕೊಂಡು, ದೇಹ ಅದಕ್ಕೆ ಸ್ಪಂದಿಸಿದೆ ಎಂದು ರಕ್ತಪರೀಕ್ಷೆಯಲ್ಲಿ ಒಮ್ಮೆ ಖಚಿತವಾದರೆ, ಆರೋಗ್ಯವಂತರಿಗೆ ಮತ್ತೆ ಬೂಸ್ಟರ್ ಬೇಕಿಲ್ಲ. ಕನಿಷ್ಠ ಮೂವತ್ತು ವರ್ಷ ರಕ್ಷಣೆ ಉಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಆದರೆ "ಒಮ್ಮೆ ಖಚಿತವಾದರೆ" ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ, ಮತ್ತು ಹೆಚ್ಚಿನ ಮನೆಗಳಲ್ಲಿ ಅದೇ ಬಿಟ್ಟುಹೋಗಿರುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಈ ಮಕ್ಕಳಿಗೇ ಏಕೆ ಹೆಚ್ಚು ಅಪಾಯ?

ಹೆಪಟೈಟಿಸ್ ಬಿ ಎನ್ನುವುದು ಲಿವರಿಗೆ ತಗಲುವ ವೈರಸ್. ಕೆಟ್ಟ ನೀರಿನಿಂದ ಬರುವ ಕಾಮಾಲೆಯೇ ಬೇರೆ, ಇದೇ ಬೇರೆ. ಇದು ಹರಡುವುದು ರಕ್ತ ಮತ್ತು ದೇಹದ ಇತರ ದ್ರವಗಳಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಮತ್ತು ಸೋಂಕಿತ ಸೂಜಿಯಿಂದ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು.

ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವಾಗ, ರಕ್ತ ತೆಗೆಯುವಾಗ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ, ಕಸದ ಚೀಲ ಎತ್ತುವಾಗ ಬೆರಳಿಗೆ ಚುಚ್ಚಿಕೊಳ್ಳುವುದು ಅಪರೂಪವೇನಲ್ಲ. ಕೈ ಪಳಗದ ಕಲಿಕೆಯ ದಿನಗಳಲ್ಲಿ ಅದು ಇನ್ನೂ ಹೆಚ್ಚು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಶೇ 6ರಿಂದ 30. ಎಲ್ಲರೂ ಹೆಚ್ಚು ಹೆದರುವ ಎಚ್‌ಐವಿಯ ವಿಷಯದಲ್ಲಿ ಇದೇ ಸಾಧ್ಯತೆ ಸುಮಾರು ಶೇ 0.3. ಹೆದರಬೇಕಾದ್ದು ಯಾವುದಕ್ಕೆ ಎಂಬುದು ಈ ಎರಡು ಅಂಕಿಗಳಲ್ಲೇ ತಿಳಿಯುತ್ತದೆ.

ಲಸಿಕೆ ಬಂದ ಮೇಲೆ ಎಷ್ಟು ಬದಲಾಯಿತು ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದಲ್ಲಿ 1983ರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆಸ್ಪತ್ರೆ ಸಿಬ್ಬಂದಿಗೆ ಹೆಪಟೈಟಿಸ್ ಬಿ ತಗಲುತ್ತಿತ್ತು ಎಂಬ ಅಂದಾಜಿತ್ತು. 1991ರಲ್ಲಿ ಅಲ್ಲಿನ ಸರ್ಕಾರ, ರಕ್ತದ ಸಂಪರ್ಕಕ್ಕೆ ಬರುವ ನೌಕರರಿಗೆ ಮಾಲೀಕರೇ ಉಚಿತವಾಗಿ ಲಸಿಕೆ ಒದಗಿಸಬೇಕು ಎಂದು ನಿಯಮ ಮಾಡಿತು. 2010ರ ಹೊತ್ತಿಗೆ ಆ ಅಂದಾಜು ವರ್ಷಕ್ಕೆ ಮುನ್ನೂರಕ್ಕಿಂತ ಕೆಳಗೆ ಇಳಿದಿತ್ತು. ಲಸಿಕೆಯ ಜೊತೆಗೆ ಕೈಗವಸು, ಸೂಜಿ ಹಾಕುವ ಗಟ್ಟಿ ಡಬ್ಬಿ ಮುಂತಾದ ಎಚ್ಚರಿಕೆಗಳೂ ಇದಕ್ಕೆ ಕಾರಣ.

ಪ್ರತಿಕಾಯ ಇಳಿಯುತ್ತದೆ, ನೆನಪು ಉಳಿಯುತ್ತದೆ

ಲಸಿಕೆ ಹಾಕಿದಾಗ ದೇಹದಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು, ರಕ್ತದಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ವೈರಸ್ ಬಂದರೆ ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವ ಕಾವಲುಗಾರರು ಇವರು. ಎರಡನೆಯದು, ಆ ವೈರಸ್ಸಿನ ಗುರುತನ್ನು ನೆನಪಿಟ್ಟುಕೊಳ್ಳುವ ಕೆಲವು ಬಿಳಿ ರಕ್ತಕಣಗಳು ಉಳಿದುಕೊಳ್ಳುತ್ತವೆ. ಇವುಗಳನ್ನು ಸ್ಮರಣ ಕಣಗಳು ಎನ್ನುತ್ತಾರೆ.

ವರ್ಷಗಳು ಕಳೆದಂತೆ ರಕ್ತದಲ್ಲಿನ ಪ್ರತಿಕಾಯದ ಪ್ರಮಾಣ ಇಳಿಯುತ್ತದೆ. ಪರೀಕ್ಷೆ ಮಾಡಿಸಿದರೆ ಕೆಲವರಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಾಗಿರುತ್ತದೆ. ಆದರೆ ಸ್ಮರಣ ಕಣಗಳು ಅಲ್ಲೇ ಇರುತ್ತವೆ. ನಾವು ಮೂವತ್ತು ವರ್ಷ ಪಾಠ ಮಾಡಿದವರು, ಆದ್ದರಿಂದ ತರಗತಿಯ ಉದಾಹರಣೆಯನ್ನೇ ಕೊಡುತ್ತೇವೆ. ಮೂರನೇ ತರಗತಿಯಲ್ಲಿ ಹದಿಮೂರರ ಮಗ್ಗಿ ಕಲಿತ ಹುಡುಗನನ್ನು ಹತ್ತನೇ ತರಗತಿಯಲ್ಲಿ ದಿಢೀರನೆ ಕೇಳಿದರೆ ತಡವರಿಸುತ್ತಾನೆ. ಆದರೆ ಎರಡು ಸಾಲು ಹೇಳಿಕೊಟ್ಟರೆ ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಾನೆ. ಎಂದೂ ಮಗ್ಗಿ ಕಲಿಯದವನಿಗೆ ಇದು ಆಗದು. ಲಸಿಕೆ ಪಡೆದ ದೇಹವೂ ಹೀಗೆಯೇ. ವೈರಸ್ ಒಳಗೆ ಬಂದರೆ ಸ್ಮರಣ ಕಣಗಳು ಕೆಲವೇ ದಿನಗಳಲ್ಲಿ ಮತ್ತೆ ಪ್ರತಿಕಾಯ ತಯಾರಿಸುತ್ತವೆ.

ಅಷ್ಟು ದಿನ ಸಮಯ ಸಿಗುತ್ತದೆಯೇ? ಹೆಪಟೈಟಿಸ್ ಬಿ ವಿಷಯದಲ್ಲಿ ಸಿಗುತ್ತದೆ. ಈ ವೈರಸ್ ದೇಹ ಸೇರಿ ಕಾಯಿಲೆ ತೋರಿಸಲು 60ರಿಂದ 150 ದಿನ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ದೇಹ ಎಚ್ಚೆತ್ತು ತನ್ನ ಕೆಲಸ ಮುಗಿಸಿರುತ್ತದೆ. ಪ್ರತಿಕಾಯ ಇಳಿದರೂ ರಕ್ಷಣೆ ಉಳಿಯುವ ಗುಟ್ಟು ಇಷ್ಟೇ.

ಅಲಾಸ್ಕಾದ ಮೂವತ್ತು ವರ್ಷ

ಇದು ಬರೀ ಊಹೆಯಲ್ಲ. ಅಮೆರಿಕದ ಅಲಾಸ್ಕಾ ಪ್ರಾಂತ್ಯದ ಮೂಲನಿವಾಸಿಗಳಲ್ಲಿ ಹೆಪಟೈಟಿಸ್ ಬಿ ಬಹಳ ಹೆಚ್ಚಾಗಿತ್ತು. 1981ರಲ್ಲಿ ಅಲ್ಲಿ 1,578 ಮಕ್ಕಳಿಗೂ ದೊಡ್ಡವರಿಗೂ ಲಸಿಕೆ ಹಾಕಿ, ಅವರನ್ನು ದಶಕಗಳ ಕಾಲ ಗಮನಿಸುತ್ತ ಬಂದರು. ಮೂವತ್ತು ವರ್ಷಗಳ ನಂತರ, ನಡುವೆ ಒಂದು ಬೂಸ್ಟರನ್ನೂ ಪಡೆಯದ 243 ಜನರ ರಕ್ತ ಪರೀಕ್ಷಿಸಿದಾಗ ಶೇ 51 ಜನರಲ್ಲಿ ಪ್ರತಿಕಾಯ ಇನ್ನೂ ರಕ್ಷಣೆಯ ಮಟ್ಟದಲ್ಲಿತ್ತು.

ಹಾಗಾದರೆ ಉಳಿದ ಅರ್ಧದಷ್ಟು ಜನರ ಗತಿ? ಅವರಲ್ಲಿ 85 ಜನರಿಗೆ ಒಂದೇ ಒಂದು ಡೋಸ್ ಹಾಕಿ ತಿಂಗಳ ನಂತರ ನೋಡಿದರು. 75 ಜನರಲ್ಲಿ, ಅಂದರೆ ಶೇ 88ರಲ್ಲಿ, ಪ್ರತಿಕಾಯ ಮತ್ತೆ ರಕ್ಷಣೆಯ ಮಟ್ಟಕ್ಕೆ ಏರಿತ್ತು. ನೆನಪು ಅಳಿದಿರಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಮೂವತ್ತು ವರ್ಷದ ನಂತರವೂ ರಕ್ಷಣೆ ಇತ್ತು. ಹಿಂದೆ ಕೆಲವು ದೇಶಗಳಲ್ಲಿ ಐದು ವರ್ಷಕ್ಕೆ ಬೂಸ್ಟರ್ ಕೊಡುವ ಪದ್ಧತಿ ಇತ್ತು. ನಮ್ಮಲ್ಲಿ ಈಗಲೂ ಕೇಳಿಬರುವ "ಐದು ವರ್ಷ"ದ ಮಾತು ಆ ಕಾಲದ್ದು. ಮೂರು ಡೋಸ್ ಪೂರ್ಣಗೊಂಡವರಿಗೆ ಬೂಸ್ಟರಿನ ಅಗತ್ಯವಿದೆ ಎನ್ನಲು ಆಧಾರವಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಡಯಾಲಿಸಿಸ್ ರೋಗಿಗಳು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಲೆಕ್ಕ ಬೇರೆ. ಅವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಅಗತ್ಯವಿದ್ದರೆ ಬೂಸ್ಟರ್ ಎಂದು ವೈದ್ಯರು ಸೂಚಿಸುತ್ತಾರೆ.

ಎಲ್ಲ ಲಸಿಕೆಗೂ ಒಂದೇ ಲೆಕ್ಕವಲ್ಲ

"ಕೊರೊನಾ ಲಸಿಕೆಯನ್ನು ಮತ್ತೆ ಮತ್ತೆ ಹಾಕಿದರಲ್ಲ, ಇದಕ್ಕೇಕೆ ಬೇಡ?" ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಕೊರೊನಾ ಲಸಿಕೆ ಮೊದಲು ಸಿಕ್ಕಿದ್ದು ಆರೋಗ್ಯ ಕಾರ್ಯಕರ್ತರಿಗೇ. ಮುನ್ನೆಚ್ಚರಿಕೆ ಡೋಸನ್ನೂ 2022ರ ಜನವರಿ 10ರಿಂದ ಅವರಿಗೂ ಇತರ ಮುಂಚೂಣಿ ಕಾರ್ಯಕರ್ತರಿಗೂ ಹಿರಿಯರಿಗೂ ಮೊದಲು ಕೊಟ್ಟರು.

ಏಕೆ ಬೇಕಾಯಿತು ಎಂಬುದು ಬ್ರಿಟನ್ನಿನ 'ಸೈರನ್' ಎಂಬ ಅಧ್ಯಯನದಿಂದ ತಿಳಿಯುತ್ತದೆ. ಅಲ್ಲಿ 35 ಸಾವಿರಕ್ಕೂ ಹೆಚ್ಚು ಆಸ್ಪತ್ರೆ ಸಿಬ್ಬಂದಿಯನ್ನು ಮೇಲಿಂದ ಮೇಲೆ ಪರೀಕ್ಷಿಸಿದರು. ಹಿಂದೆ ಸೋಂಕು ತಗಲದೇ ಇದ್ದವರಲ್ಲಿ, ಫೈಜರ್ ಲಸಿಕೆಯ ಎರಡು ಡೋಸುಗಳನ್ನು ಹೆಚ್ಚು ಅಂತರದಲ್ಲಿ ಪಡೆದವರಿಗೆ ಮೊದಲ ಎರಡು ತಿಂಗಳ ಸುಮಾರಿಗೆ ಸೋಂಕಿನಿಂದ ಶೇ 85ರಷ್ಟು ರಕ್ಷಣೆ ಇತ್ತು. ಆರೂವರೆ ತಿಂಗಳ ಹೊತ್ತಿಗೆ ಅದು ಶೇ 51ಕ್ಕೆ ಇಳಿದಿತ್ತು. ಕೊರೊನಾ ವೈರಸ್ ಕೆಲವೇ ದಿನಗಳಲ್ಲಿ ಕಾಯಿಲೆ ತರುತ್ತದೆ, ಅದರ ರೂಪವೂ ಬದಲಾಗುತ್ತಿರುತ್ತದೆ. ಸ್ಮರಣ ಕಣಗಳು ಎಚ್ಚೆತ್ತುಕೊಳ್ಳುವ ಮೊದಲೇ ಮೂಗು-ಗಂಟಲಿನಲ್ಲಿ ಸೋಂಕು ನೆಲೆಯಾಗಿಬಿಡುತ್ತದೆ. ಕಾಯಿಲೆ ತೀವ್ರವಾಗದಂತೆ ತಡೆಯುವ ಶಕ್ತಿ ಮಾತ್ರ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಫ್ಲೂ ಲಸಿಕೆಯನ್ನು ಪ್ರತಿವರ್ಷ ಹಾಕಿಸುವುದೂ ಇಂಥದ್ದೇ ಕಾರಣಕ್ಕೆ.

ಹಜ್, ಉಮ್ರಾಗೆ ಹೋಗಿ ಬಂದವರಿಗೆ ಇನ್ನೊಂದು ಉದಾಹರಣೆ ಗೊತ್ತೇ ಇದೆ. ಅಲ್ಲಿಗೆ ಕಡ್ಡಾಯವಾದ ಮೆನಿಂಜೈಟಿಸ್ ಲಸಿಕೆಯ ಪ್ರಮಾಣಪತ್ರ ಒಂದು ಬಗೆಯ ಲಸಿಕೆಗೆ ಮೂರು ವರ್ಷ, ಕಾಂಜುಗೇಟ್ ಎಂಬ ಬಗೆಗೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ತೋರಿಸಬೇಕಾದ ಹಳದಿ ಜ್ವರದ ಲಸಿಕೆಯ ಪತ್ರಕ್ಕೆ ಮೊದಲು ಹತ್ತು ವರ್ಷದ ಅವಧಿ ಇತ್ತು. 2016ರ ಜುಲೈಯಿಂದ ಅದೇ ಪತ್ರ ಜೀವನಪೂರ್ತಿ ಸಲ್ಲುತ್ತದೆ. ಸೂಜಿ ಬದಲಾಗಲಿಲ್ಲ, ಬದಲಾದದ್ದು ಅದರ ಬಗೆಗಿನ ತಿಳಿವಳಿಕೆ. ಆದ್ದರಿಂದ ಒಂದು ಲಸಿಕೆಯ ಅವಧಿಯನ್ನು ಇನ್ನೊಂದಕ್ಕೆ ಅನ್ವಯಿಸಬೇಡಿ.

ಒಂದೇ ಪರೀಕ್ಷೆ, ಆದರೆ ಸರಿಯಾದ ಸಮಯಕ್ಕೆ

ಹೆಪಟೈಟಿಸ್ ಬಿ ಲಸಿಕೆ ದೊಡ್ಡವರಿಗೆ ಮೂರು ಡೋಸ್: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ತೋಳಿನ ಮೇಲ್ಭಾಗದ ಸ್ನಾಯುವಿಗೆ ಕೊಡಬೇಕು. ಸೊಂಟಕ್ಕೆ ಕೊಟ್ಟರೆ ಪರಿಣಾಮ ಕಡಿಮೆ. ಮಕ್ಕಳು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಮೂರನೆಯ ಡೋಸನ್ನು. ಆರು ತಿಂಗಳ ಹೊತ್ತಿಗೆ ಪರೀಕ್ಷೆಯೋ ರಜೆಯೋ ಬಂದು ಮರೆತುಹೋಗುತ್ತದೆ. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿಕೊಂಡರೆ ಸಾಕು.

ಮೂರನೆಯ ಡೋಸ್ ಆದ ಒಂದರಿಂದ ಎರಡು ತಿಂಗಳೊಳಗೆ 'ಆಂಟಿ-ಎಚ್‌ಬಿಎಸ್' ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಫಲಿತಾಂಶ 10 ಅಥವಾ ಅದಕ್ಕಿಂತ ಹೆಚ್ಚು ಯೂನಿಟ್ ಬಂದರೆ ದೇಹ ಪಾಠ ಕಲಿತಿದೆ ಎಂದರ್ಥ. ಮುಂದೆ ಪ್ರತಿಕಾಯ ಎಷ್ಟೇ ಇಳಿದರೂ ಆರೋಗ್ಯವಂತರು ಚಿಂತಿಸಬೇಕಿಲ್ಲ. ಇದನ್ನು ಆ ಸಮಯದಲ್ಲೇ ಮಾಡಿಸಬೇಕು ಎನ್ನುವುದಕ್ಕೆ ಕಾರಣವಿದೆ. ಹತ್ತು ವರ್ಷ ಬಿಟ್ಟು ಮಾಡಿಸಿ 4 ಯೂನಿಟ್ ಬಂದರೆ, ದೇಹ ಮೊದಲೇ ಕಲಿಯಲಿಲ್ಲವೋ, ಕಲಿತು ಪ್ರತಿಕಾಯ ಇಳಿದಿದೆಯೋ ಎಂದು ಆ ಒಂದು ಅಂಕಿಯಿಂದ ಹೇಳಲಾಗದು.

ಇಲ್ಲೊಂದು ಗೊಂದಲ ನಮಗೆ ಅರ್ಜಿಗಳಲ್ಲಿ ಆಗಾಗ ಕಾಣುತ್ತದೆ. 'ಎಚ್‌ಬಿಎಸ್‌ಎಜಿ ನೆಗೆಟಿವ್' ಎಂಬ ಚೀಟಿ ಲಗತ್ತಿಸಿ ರಕ್ಷಣೆ ಇದೆ ಎಂದು ಬರೆದಿರುತ್ತಾರೆ. ಆ ಪರೀಕ್ಷೆ ಹೇಳುವುದು ಈಗ ಸೋಂಕು ಇಲ್ಲ ಎಂಬುದನ್ನು ಮಾತ್ರ. ರಕ್ಷಣೆ ಇದೆಯೇ ಎಂದು ಹೇಳುವುದು ಆಂಟಿ-ಎಚ್‌ಬಿಎಸ್. ಎರಡು ಹೆಸರು ಒಂದೇ ಥರ ಕೇಳಿಸುವುದರಿಂದ ಲ್ಯಾಬಿಗೆ ಹೋಗುವಾಗ ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ. ಲಸಿಕೆ ಹಾಕಿಸಿಕೊಂಡ ಎರಡು-ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಿದರೆ ಲಸಿಕೆಯ ಅಂಶದಿಂದಲೇ ಪಾಸಿಟಿವ್ ಬರುವುದುಂಟು. ಆಗ ಗಾಬರಿಯಾಗದೆ ವೈದ್ಯರಿಗೆ ಲಸಿಕೆಯ ದಿನಾಂಕ ತಿಳಿಸಿ.

ಚಿಕ್ಕಂದಿನಲ್ಲಿ ಹಾಕಿಸಿಕೊಂಡವರು ಏನು ಮಾಡಬೇಕು?

ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪ್ರಾಯೋಗಿಕವಾಗಿ ಶುರುವಾಗಿ, 2011ರಲ್ಲಿ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಈಗ ಕಾಲೇಜಿನಲ್ಲಿರುವ ಹೆಚ್ಚಿನ ಮಕ್ಕಳು ಅದಕ್ಕೂ ಮೊದಲು ಹುಟ್ಟಿದವರು. ಕೆಲವರಿಗೆ ಸಿಕ್ಕಿದೆ, ಕೆಲವರಿಗೆ ಇಲ್ಲ. ಅಂದಾಜಿನ ಮೇಲೆ ಹೋಗದೆ ಮನೆಯ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ.

ಮೂರು ಡೋಸ್ ದಾಖಲೆ ಇದ್ದರೆ ಆಂಟಿ-ಎಚ್‌ಬಿಎಸ್ ಮಾಡಿಸಿ. 10 ಅಥವಾ ಹೆಚ್ಚಿದ್ದರೆ ಮುಗಿಯಿತು. ಕಡಿಮೆ ಬಂದರೆ ಒಂದು ಡೋಸ್ ಹಾಕಿಸಿ, ಒಂದು-ಎರಡು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಹೆಚ್ಚಿನವರಲ್ಲಿ ನೆನಪು ಎಚ್ಚೆತ್ತು ಪ್ರಮಾಣ ಏರುತ್ತದೆ. ಏರದಿದ್ದರೆ ಉಳಿದ ಎರಡು ಡೋಸ್ ಪೂರ್ತಿ ಮಾಡಿ ಮತ್ತೊಮ್ಮೆ ಪರೀಕ್ಷೆ. ದಾಖಲೆಯೇ ಇಲ್ಲದಿದ್ದರೆ ಹಾಕಿಸಿಯೇ ಇಲ್ಲ ಎಂದು ತಿಳಿದು ಮೂರೂ ಡೋಸ್ ಹಾಕಿಸುವುದು ಸರಿ. ಒಂದೆರಡು ಡೋಸ್ ಹೆಚ್ಚಾದರೆ ಹಾನಿಯಿಲ್ಲ.

ಸ್ಪಂದಿಸದ ದೇಹ, ಪಾಸಿಟಿವ್ ಬಂದ ಮಗು

ನಲವತ್ತರೊಳಗಿನ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೂರು ಡೋಸಿಗೆ ಸ್ಪಂದಿಸುತ್ತಾರೆ. ವಯಸ್ಸು, ಬೊಜ್ಜು, ಧೂಮಪಾನ, ಸಕ್ಕರೆ ಕಾಯಿಲೆಗಳಿಂದ ಈ ಪ್ರಮಾಣ ಇಳಿಯುತ್ತದೆ. ಓದುವ ವಯಸ್ಸಿನಲ್ಲೇ ಲಸಿಕೆ ಮುಗಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ಪಂದಿಸದವರಿಗೆ ಇನ್ನೊಮ್ಮೆ ಮೂರು ಡೋಸ್ ಕೊಡುತ್ತಾರೆ, ಹಲವರು ಆಗ ಸ್ಪಂದಿಸುತ್ತಾರೆ. ಆರು ಡೋಸಿಗೂ ಸ್ಪಂದಿಸದವರು ಬೆರಳೆಣಿಕೆಯಷ್ಟು. ಅವರು ಕೆಲಸ ಬಿಡಬೇಕಿಲ್ಲ. ಆದರೆ ಸೂಜಿ ಚುಚ್ಚಿದರೆ ತಮಗೆ ಲಸಿಕೆಯ ರಕ್ಷಣೆ ಇಲ್ಲವೆಂಬುದು ಅವರಿಗೂ ಆಸ್ಪತ್ರೆಗೂ ಗೊತ್ತಿರಬೇಕು.

ಪರೀಕ್ಷೆಯಲ್ಲಿ ಸೋಂಕೇ ಪಾಸಿಟಿವ್ ಬಂದ ಮಕ್ಕಳ ಮನೆಯವರಿಗೆ ಒಂದು ಮಾತು. ಅವರಲ್ಲಿ ಅನೇಕರಿಗೆ ಹುಟ್ಟುವಾಗಲೇ ಬಂದಿರುತ್ತದೆ, ಮಕ್ಕಳ ತಪ್ಪೇನೂ ಇಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಆರೋಗ್ಯ ಕಾರ್ಯಕರ್ತರಿಗೆ ಲಸಿಕೆ ಕೊಡುವುದೂ ಅದೇ ಕಾರ್ಯಕ್ರಮದ ಭಾಗ. ಕಾಮಾಲೆ ಕಾಣಿಸುವವರೆಗೆ ಕಾಯುತ್ತ ಕೂರದೆ, ನಾಟಿ ಔಷಧಿಯನ್ನೇ ನಂಬದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಗಂಡು ನೋಡುವವರು ಏನೆನ್ನುತ್ತಾರೋ ಎಂದು ಮುಚ್ಚಿಟ್ಟರೆ ಲಿವರ್ ಒಳಗೇ ಹಾಳಾಗುತ್ತದೆ. ಮುಂದೆ ಹುಟ್ಟುವ ಮಗುವಿಗೂ ಸೋಂಕು ದಾಟಬಹುದು. ಗೊತ್ತಿದ್ದರೆ, ಮಗು ಹುಟ್ಟಿದ ಕೂಡಲೇ ಚುಚ್ಚುಮದ್ದು ಕೊಟ್ಟು ಬಹುಮಟ್ಟಿಗೆ ತಪ್ಪಿಸಬಹುದು.

ಸೂಜಿ ಚುಚ್ಚಿದ ದಿನ

ಚುಚ್ಚಿದ ಜಾಗವನ್ನು ಸೋಪು-ನೀರಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಗೆ ಹಾಕಬಾರದು. ಕೂಡಲೇ ವಾರ್ಡಿನ ಸಿಸ್ಟರಿಗೆ ಹೇಳಿ ದಾಖಲಿಸಬೇಕು. ಬೈಗುಳಕ್ಕೆ ಹೆದರಿ ಸುಮ್ಮನಿರುವುದೇ ಎಲ್ಲಕ್ಕಿಂತ ಅಪಾಯ. ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಎಂಬುದನ್ನೂ ವೈದ್ಯರು ಆಗಲೇ ನಿರ್ಧರಿಸಬೇಕಾಗುತ್ತದೆ.

ಹೆಪಟೈಟಿಸ್ ಬಿ ಮಟ್ಟಿಗೆ, 10ಕ್ಕಿಂತ ಹೆಚ್ಚು ಬಂದ ಹಳೆಯ ಚೀಟಿ ಕೈಯಲ್ಲಿದ್ದರೆ ಬೇರೆ ಚಿಕಿತ್ಸೆಯೇ ಬೇಕಿಲ್ಲ. ಲಸಿಕೆಯೇ ಇಲ್ಲದವರಿಗೆ ಅಥವಾ ಸ್ಪಂದಿಸದವರಿಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಬೇಕಾಗುತ್ತದೆ. ಅದನ್ನು ಸಾಧ್ಯವಾದರೆ 24 ಗಂಟೆಯೊಳಗೆ, ಏಳು ದಿನ ದಾಟದಂತೆ ಕೊಡಬೇಕು. ಹೊರಗೆ ಕೊಂಡರೆ ಸಾವಿರಾರು ರೂಪಾಯಿ, ಸಣ್ಣ ಊರುಗಳಲ್ಲಿ ಸಿಗುವುದೂ ಕಷ್ಟ. ಒಂದು ಸಣ್ಣ ಚೀಟಿ ಜೋಪಾನವಾಗಿದ್ದರೆ ಎಷ್ಟು ಓಡಾಟ ತಪ್ಪುತ್ತದೆ ನೋಡಿ.

ಅರ್ಜಿದಾರರಿಗೆ ಮತ್ತು ದಾನಿಗಳಿಗೆ

ಮುಂದಿನ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನರ್ಸಿಂಗ್, ಪ್ಯಾರಾಮೆಡಿಕಲ್ ಮತ್ತು ಮೆಡಿಕಲ್ ವಿದ್ಯಾರ್ಥಿಗಳಿಗೆ ಎರಡು ಕಾಲಂ ಸೇರಿಸಿದ್ದೇವೆ: ಮೂರು ಡೋಸಿನ ದಿನಾಂಕ, ಆಂಟಿ-ಎಚ್‌ಬಿಎಸ್ ಫಲಿತಾಂಶ. ಇವು ಖಾಲಿ ಇದ್ದರೆ ಅರ್ಜಿ ತಿರಸ್ಕರಿಸುವುದಿಲ್ಲ. ಫಲಿತಾಂಶ ಏನೇ ಇರಲಿ ವಿದ್ಯಾರ್ಥಿವೇತನಕ್ಕೆ ಅಡ್ಡಿಯಿಲ್ಲ, ವಿವರವನ್ನು ಸಮಿತಿಯ ಹೊರಗೆ ಯಾರಿಗೂ ತಿಳಿಸುವುದಿಲ್ಲ. ಯಾವ ಮಗುವಿಗೆ ಏನು ಉಳಿದಿದೆ ಎಂದು ನೋಡಿ ಮನೆಯವರಿಗೆ ನೆನಪಿಸುವುದಷ್ಟೇ ಉದ್ದೇಶ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಅಥವಾ ಪರೀಕ್ಷೆ ಸಿಗದೆ ಹೊರಗೆ ಮಾಡಿಸಿದವರು ರಸೀದಿಯನ್ನು ಅರ್ಜಿಯ ಜೊತೆ ಕೊಟ್ಟರೆ ಪುಸ್ತಕದ ಖರ್ಚಿನಂತೆಯೇ ಪರಿಗಣಿಸುತ್ತೇವೆ.

ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಒಂದು ಮಗುವಿನ ಮೂರು-ನಾಲ್ಕು ವರ್ಷದ ಫೀಸನ್ನು ನೀವು ಕಟ್ಟುತ್ತೀರಿ. ಅದರ ಜೊತೆ ಈ ಸಣ್ಣ ಖರ್ಚನ್ನೂ ಸೇರಿಸಿಕೊಳ್ಳಿ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಈ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಸಾಮಾನ್ಯರ ಕೈಗೆಟುಕುವಂತಾಯಿತು. ಇಂದು ಅಡ್ಡಿಯಾಗುತ್ತಿರುವುದು ಹಣಕ್ಕಿಂತ ಹೆಚ್ಚಾಗಿ ಮರೆವು.

ಪೋಷಕರೇ, ಲಸಿಕೆ ಕಾರ್ಡ್ ಮತ್ತು ಆಂಟಿ-ಎಚ್‌ಬಿಎಸ್ ಚೀಟಿಯ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದನ್ನು ಅಂಕಪಟ್ಟಿಯ ಫೈಲಿನಲ್ಲಿಡಿ, ಇನ್ನೊಂದನ್ನು ಮಗುವಿನ ಹಾಸ್ಟೆಲಿಗೆ ಕಳಿಸಿ. ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ನಾಳೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರೂ ಅಂಕಪಟ್ಟಿಯಷ್ಟೇ ಅದೂ ಬೇಕಾಗುತ್ತದೆ.

ವಿದ್ಯಾರ್ಥಿವೇತನ ಸಮಿತಿಯ ಪರವಾಗಿ,
ನಿವೃತ್ತ ಶಿಕ್ಷಕ, ಬಿ.ಇಡಿ.